ಐನೂರ ಆರು ಬಂದುದು ಹೇಗೆ?

ಮೈಸೂರಿನ ಒಂದು ಬಡಾವಣೆಯಲ್ಲಿ ವಿಶ್ರಾಂತ ಗಣಿತೋಪಾಧ್ಯಾಯರೊಬ್ಬರಿದ್ದಾರೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಕರಿಹಲಗೆಯ ಮುಂದೆ ನಿಂತು ಸವೆದ ಜೀವಕ್ಕೆ ಮನೆಯಲ್ಲಿ ಸುಮ್ಮನೆ ಕುಳಿತಿರುವುದು ಸಾಧ್ಯವೆ? ನೆರೆಹೊರೆಯ ಎಂಟನೆಯ ತರಗತಿಯ ಮಕ್ಕಳು ಸಂಜೆಯಾಗುತ್ತಲೇ ಅವರ ಪಡಸಾಲೆಯಲ್ಲಿ ಸೇರುತ್ತಾರೆ. ಪಾಠಕ್ಕೆ ಹಣವಿಲ್ಲ, ಆದರೆ ತಿಂಗಳಿಗೊಂದು ಪರೀಕ್ಷೆ ತಪ್ಪಿದ್ದಲ್ಲ. ಪ್ರಶ್ನೆಪತ್ರಿಕೆಯನ್ನು ಮೇಷ್ಟರು ತಾವೇ ಗಣಕಯಂತ್ರದ ಮುಂದೆ ಕುಳಿತು, ಒಂದೊಂದೇ ಬೆರಳಿನಿಂದ ಕೀಲಿಗಳನ್ನು ಹುಡುಕಿ ಹುಡುಕಿ ಒತ್ತಿ ಸಿದ್ಧಪಡಿಸುತ್ತಾರೆ.

ಈ ಸಲದ ಪಾಠ ಘಾತಾಂಕಗಳದು. ಮೊದಲನೆಯ ಪ್ರಶ್ನೆ ತೀರ ಸುಲಭವಾದುದು: 2³ × 2² ಎಂಬುದನ್ನು ಸರಳೀಕರಿಸಬೇಕು. ಘಾತಗಳನ್ನು ಕೂಡಿದರೆ 2ರ ಘಾತ 5, ಅಂದರೆ 32. ಬಹುಮಂದಿ ಮಕ್ಕಳು 32 ಎಂದೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಗುಣಾಕಾರವನ್ನು ಅಂದವಾಗಿ ಹಾಕಿ 506 ಎಂದು ಬರೆದಿದ್ದಳು. ಮೇಷ್ಟರು ಕೆಂಪು ಶಾಯಿಯಿಂದ ಒಂದು ದೊಡ್ಡ ಸೊನ್ನೆ ಸುತ್ತಿದರು.

ಮರುದಿನ ಎಲ್ಲರೂ ಹೊರಟುಹೋದ ಮೇಲೆ ಆ ಹುಡುಗಿ ಬಾಗಿಲ ಬಳಿ ನಿಂತೇ ಇದ್ದಳು.

“ಏನಮ್ಮ?” ಎಂದರು ಮೇಷ್ಟರು.

“ಮೇಷ್ಟ್ರೇ, ಇಪ್ಪತ್ತಮೂರನ್ನು ಇಪ್ಪತ್ತೆರಡರಿಂದ ಗುಣಿಸಿದರೆ ಐನೂರ ಆರೇ ತಾನೆ ಬರುವುದು?”

“ಇಪ್ಪತ್ತಮೂರು ಎಲ್ಲಿಂದ ಬಂತು?”

ಹುಡುಗಿ ಮಾತಾಡದೆ ತನ್ನ ಪ್ರಶ್ನೆಪತ್ರಿಕೆಯನ್ನು ಮುಂದೆ ಹಿಡಿದಳು. ಮೇಷ್ಟರು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದರು. ಅಲ್ಲಿ ಅಚ್ಚಾಗಿದ್ದುದು 23 × 22. ಹೆಗಲ ಮೇಲೆ ಕೂರಬೇಕಾಗಿದ್ದ ಪುಟ್ಟ ಅಂಕಿಗಳೆರಡೂ ಕೆಳಕ್ಕಿಳಿದು, ದೊಡ್ಡ ಅಂಕಿಗಳ ಪಕ್ಕದಲ್ಲಿ ಸಮಾನ ಗೌರವದಿಂದ ಕುಳಿತಿದ್ದವು. 32 ಎಂದು ಬರೆದ ಮಕ್ಕಳು, ಇದು ಘಾತಾಂಕದ ಪರೀಕ್ಷೆಯಾದುದರಿಂದ ಹೀಗೆಯೇ ಇರಬೇಕೆಂದು ಊಹಿಸಿ ಬರೆದವರು. ಕಾಗದದ ಮೇಲಿದ್ದುದನ್ನು ಇದ್ದಂತೆಯೇ ಓದಿದ ಹುಡುಗಿಗೆ ಸೊನ್ನೆ!

ಮೇಷ್ಟರಿಗೆ ಆ ರಾತ್ರಿ ಊಟ ರುಚಿಸಲಿಲ್ಲ. ಅವರ ಸೊಸೆ ಪಠ್ಯಪುಸ್ತಕಗಳ ಪುಟವಿನ್ಯಾಸ ಮಾಡುವ ಉದ್ಯೋಗದಲ್ಲಿರುವವಳು. ಆಕೆ ಮಾವನವರ ಕಡತವನ್ನು ತೆರೆದು ನೋಡಿದಳು. ಅದರಲ್ಲಿ ಘಾತಗಳೆಲ್ಲ ಸ್ವಸ್ಥಾನದಲ್ಲಿಯೇ ಇದ್ದವು.

“ಮಾವ, ನೀವು ಬರೆದದ್ದರಲ್ಲಿ ತಪ್ಪಿಲ್ಲ. ಇದನ್ನು ಅಂಗಡಿಗೆ ಹೇಗೆ ಕಳುಹಿಸಿದಿರಿ?”

“ಕಡತವನ್ನೇ ಕಳುಹಿಸಿದೆ. ಎರಡು ಪುಟದ್ದನ್ನು ಒಂದೇ ಪುಟಕ್ಕೆ ಇಳಿಸಿಕೊಡು ಎಂದು ಜೆರಾಕ್ಸ್ ಅಂಗಡಿಯ ಹುಡುಗನಿಗೆ ಹೇಳಿದ್ದೆ, ತಾಯಿ.”

ರಹಸ್ಯ ಅಲ್ಲಿಗೆ ಬಯಲಾಯಿತು. ಅಂಗಡಿಯ ಹುಡುಗ ಬರಹವನ್ನೆಲ್ಲ ನಕಲು ಮಾಡಿ, ಬೇರೊಂದು ಕಡತಕ್ಕೆ ‘ಕೀಪ್ ಟೆಕ್ಸ್ಟ್ ಓನ್ಲಿ’, ಎಂದರೆ ಅಕ್ಷರ ಮಾತ್ರ ಸಾಕೆಂಬ ಕ್ರಮದಲ್ಲಿ ಅಂಟಿಸಿದ್ದ. ಆ ಕ್ರಮದಲ್ಲಿ ದಪ್ಪಕ್ಷರ, ಓರೆಯಕ್ಷರ, ಬಣ್ಣ ಮೊದಲಾದ ಅಲಂಕಾರಗಳೆಲ್ಲ ಕಳಚಿಹೋಗುತ್ತವೆ. ಅಂಕಿಯನ್ನು ಮೇಲಕ್ಕೆತ್ತಿ ಕೂರಿಸುವುದೂ ಗಣಕಯಂತ್ರದ ದೃಷ್ಟಿಯಲ್ಲಿ ಒಂದು ಅಲಂಕಾರವೇ. ಮನುಷ್ಯನಿಗೆ ಅದು ಅರ್ಥ; ಯಂತ್ರಕ್ಕೆ ಅದು ಕೇವಲ ಒಡವೆ. ಒಡವೆಯನ್ನು ತೆಗೆದಿಟ್ಟ ಯಂತ್ರದ ಮೇಲೆ ಕೋಪಿಸಿಕೊಂಡು ಫಲವೇನು?

ಗಣಿತದ ಬರಹಕ್ಕೆ ಈ ಕಷ್ಟ ಹೊಸತಲ್ಲ. ಸಾಮಾನ್ಯ ಬರಹದಲ್ಲಿ ಅಕ್ಷರಗಳು ಒಂದರ ಬೆನ್ನಿಗೆ ಒಂದು ಸಾಲಾಗಿ ನಡೆಯುತ್ತವೆ. ಗಣಿತವಾದರೋ ಮೇಲಕ್ಕೂ ಕೆಳಕ್ಕೂ ಹಬ್ಬುವ ಬಳ್ಳಿ. ಅಂಶ ಮೇಲೆ, ಛೇದ ಕೆಳಗೆ, ವರ್ಗಮೂಲದ ಚಿಹ್ನೆ ಎಲ್ಲದರ ತಲೆಯ ಮೇಲೆ. ಕನ್ನಡಿಗರಿಗೆ ಇದು ಸುಲಭವಾಗಿ ತಿಳಿಯಬೇಕಾದ ವಿಷಯ. ಘಾತವೆಂಬುದು ಗಣಿತದ ಒತ್ತಕ್ಷರವಿದ್ದಂತೆ, ಕೆಳಗೆ ಕೂರುವ ಬದಲು ಮೇಲೆ ಕೂರುತ್ತದೆ, ಅಷ್ಟೆ. ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಗಣಿತದ ಒಂದು ಪುಟ ಕಟ್ಟುವುದು ಕಂಪೋಸಿಟರನ ತಾಳ್ಮೆಯ ಪರೀಕ್ಷೆಯಾಗಿತ್ತು. ಇಂಗ್ಲಿಷ್ ಅಚ್ಚುಕೂಟಗಳಲ್ಲಿ ಗಣಿತದ ಹಸ್ತಪ್ರತಿಗೆ ‘ದಂಡದ ಬರಹ’ ಎಂಬರ್ಥದ ಹೆಸರೇ ರೂಢಿಯಲ್ಲಿತ್ತು; ಅದಕ್ಕೆ ತಗಲುತ್ತಿದ್ದ ಕೂಲಿಯೂ ಅಧಿಕ.

1977ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕನೂಥ್ ಎಂಬ ವಿದ್ವಾಂಸರಿಗೆ ತಮ್ಮದೇ ಪುಸ್ತಕವೊಂದರ ಎರಡನೆಯ ಆವೃತ್ತಿಯ ಕರಡಚ್ಚುಗಳು ಬಂದವು. ಸೀಸದ ಮೊಳೆ ಹೋಗಿ ಛಾಯಾಮುದ್ರಣ ಬಂದಿದ್ದ ಕಾಲ ಅದು. ಹಳೆಯ ಆವೃತ್ತಿಯ ಚೆಲುವು ಹೊಸ ಕರಡಿನಲ್ಲಿರಲಿಲ್ಲ. ಮನನೊಂದ ಕನೂಥರು ಬರವಣಿಗೆಯನ್ನು ಬದಿಗಿಟ್ಟು, ಗಣಿತವನ್ನು ಅಂದವಾಗಿ ಜೋಡಿಸುವ ‘ಟೆಕ್’ ಎಂಬ ತಂತ್ರಾಂಶವನ್ನೇ ನಿರ್ಮಿಸಲು ಹೊರಟರು. ಗಣಿತಜ್ಞರು ಇಂದಿಗೂ ತಮ್ಮ ಲೇಖನಗಳಿಗೆ ಅದರ ಸಂತತಿಯನ್ನೇ ನೆಚ್ಚಿದ್ದಾರೆ. ಆದರೆ ಶಾಲೆಯ ಉಪಾಧ್ಯಾಯರು, ಗುಮಾಸ್ತರು, ಮಕ್ಕಳ ಯೋಜನಾಕಾರ್ಯಕ್ಕೆ ನೆರವಾಗುವ ತಾಯ್ತಂದೆಯರು, ಇವರೆಲ್ಲರ ಕೈಗೆ ಸಿಕ್ಕಿರುವುದು ವರ್ಡ್ ಮೊದಲಾದ ಬರಹದ ತಂತ್ರಾಂಶಗಳು. ತೊಡಕು ಹುಟ್ಟುವುದು ಅಲ್ಲಿಯೇ.

ಸೊಸೆ ಮಾವನವರಿಗೆ ಹೇಳಿದ ಕ್ರಮ ಎಲ್ಲ ಮನೆಗಳಿಗೂ ಉಪಯುಕ್ತವಾದುದು. ಸಮೀಕರಣ ಕೆಟ್ಟು ಕಂಡಾಗ ಗಾಬರಿಯಿಂದ ಅಳಿಸಿ ಬರೆಯುವುದಕ್ಕೆ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸ್ಥಳ ಸಾಲದೆ ಹೋಗಿದೆಯೆ? ಅಕ್ಷರ ಬದಲಾಗಿದೆಯೆ? ಕಟ್ಟಡ ಕುಸಿದಿದೆಯೆ? ಅಥವಾ ಕಡತಕ್ಕೆ ವಯಸ್ಸಾಗಿದೆಯೆ? ರೋಗ ತಿಳಿಯದೆ ಔಷಧ ಕೊಡುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ.

ಸ್ಥಳದ ದೋಷ ಎಲ್ಲಕ್ಕಿಂತ ನಿರಪಾಯವಾದುದು. ಭಿನ್ನರಾಶಿಯ ಅಂಶ ಅರ್ಧ ಕತ್ತರಿಸಿದಂತೆ ಕಾಣುತ್ತದೆ. ವರ್ಗಮೂಲದ ಮೇಲಿನ ಗೆರೆಯೇ ಮಾಯವಾಗಿರುತ್ತದೆ. ಸಾಲುಗಳ ನಡುವಣ ಅಂತರವನ್ನು ‘ಎಕ್ಸ್ಯಾಕ್ಟ್ಲಿ’ ಎಂದು, ಅಂದರೆ ಇಷ್ಟೇ ಎಂದು ಬಿಗಿಯಾಗಿ ಗೊತ್ತುಪಡಿಸಿದಾಗ ಹೀಗಾಗುತ್ತದೆ. ಎತ್ತರದ ಸಮೀಕರಣ ತಗ್ಗಿನ ಸಾಲಿನಲ್ಲಿ ತಲೆಯೆತ್ತಲಾರದು. ಪ್ಯಾರಾಗ್ರಾಫಿನ ಏರ್ಪಾಟಿನಲ್ಲಿ ‘ಸಿಂಗಲ್’ ಅಥವಾ ‘ಅಟ್ ಲೀಸ್ಟ್’ ಎಂಬುದನ್ನು ಆರಿಸಿದರೆ ಮರೆಯಾದ ಭಾಗ ಒಡನೆಯೇ ಪ್ರತ್ಯಕ್ಷವಾಗುತ್ತದೆ. ಪುಟ ಉಳಿಸಬೇಕೆಂಬ ಆಸೆಯಿಂದ ಸಾಲುಗಳನ್ನು ಹಿಂಡುವವರು ಇದನ್ನು ನೆನಪಿಡಬೇಕು. ಇದಕ್ಕೆ ಹತ್ತಿರದ ಇನ್ನೊಂದು ಸಂಗತಿಯುಂಟು. ತನ್ನದೇ ಸಾಲಿನಲ್ಲಿ ದೊಡ್ಡದಾಗಿ ನಿಂತಿದ್ದ ಸಮೀಕರಣದ ಪಕ್ಕದಲ್ಲಿ ಒಂದೆರಡು ಮಾತು ಸೇರಿಸಿದರೂ ಸಾಕು, ಅದು ಸಾಲಿನೊಳಗಿನ ಸಮೀಕರಣವೆಂದು ತಂತ್ರಾಂಶ ಭಾವಿಸಿ, ಭಿನ್ನರಾಶಿಯನ್ನು ಚಿಕ್ಕದಾಗಿಸಿಬಿಡುತ್ತದೆ. ಆ ಮಾತನ್ನು ಮುಂದಿನ ಸಾಲಿಗೆ ಇಳಿಸಿದರೆ ಮೊದಲಿನ ಗಾತ್ರ ಮರಳುತ್ತದೆ.

ಅಕ್ಷರದ ದೋಷ ಹೆಚ್ಚು ಕುಟಿಲವಾದುದು. ಇದನ್ನು ತಿಳಿಯಲು ಕನ್ನಡದ ಅನುಭವವೇ ಸಾಕು. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಪತ್ರವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದವರು ಆ ದೃಶ್ಯವನ್ನು ಮರೆಯಲಾರರು. ‘ಕನ್ನಡ’ ಎಂಬ ಪದವಿದ್ದೆಡೆಯಲ್ಲಿ ರೋಮನ್ ಲಿಪಿಯ ಒಂದು ‘ಪಿ’, ನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು, ಕೊನೆಯ ಕಡೆಗೊಂದು ‘ಕ್ಯೂ’! ಆ ಏರ್ಪಾಟಿನಲ್ಲಿ ಯಂತ್ರದೊಳಗೆ ಶೇಖರವಾಗಿರುವುದು ರೋಮನ್ ಅಕ್ಷರಗಳ ಸಂಖ್ಯೆಗಳೇ. ‘ಪಿ’ಯ ಸ್ಥಾನದಲ್ಲಿ ತಲೆಕಟ್ಟಿಲ್ಲದ ‘ಕ’ದ ಚಿತ್ರವನ್ನು ಫಾಂಟು ಬರೆಯುತ್ತದೆ. ಫಾಂಟು ಹೋದರೆ ವೇಷ ಕಳಚುತ್ತದೆ.

ಗಣಿತದ ಹಳೆಯ ಚಿಹ್ನೆಗಳ ಕಥೆಯೂ ಇದೇ. ವರ್ಡ್‌ನ ಹಿಂದಿನ ಸಮೀಕರಣಸಾಧನವು ‘ಸಿಂಬಲ್’ ಮತ್ತು ‘ಎಂಟಿ ಎಕ್ಸ್‌ಟ್ರಾ’ ಎಂಬ ಫಾಂಟುಗಳನ್ನು ಆಶ್ರಯಿಸಿತ್ತು. ಎಂಟಿ ಎಕ್ಸ್‌ಟ್ರಾದಲ್ಲಿ ರೋಮನ್ ‘ಕೆ’ ಅಕ್ಷರದ ಸ್ಥಾನದಲ್ಲಿ ಮೂರು ಚುಕ್ಕೆಗಳು ಕುಳಿತಿವೆ. ಒಂದರಿಂದ ಹತ್ತರವರೆಗೆ ಎಂಬ ಅರ್ಥದಲ್ಲಿ 1, 2, …, 10 ಎಂದು ಬರೆದುದು, ಆ ಫಾಂಟಿಲ್ಲದ ಯಂತ್ರದಲ್ಲಿ ‘1, 2, ಕೆ, 10’ ಎಂದಾಗುತ್ತದೆ. ಈ ‘ಕೆ’ಯ ಬೆಲೆ ಎಷ್ಟೆಂದು ತಲೆಕೆಡಿಸಿಕೊಂಡ ವಿದ್ಯಾರ್ಥಿಯನ್ನು ದಡ್ಡನೆನ್ನಲಾದೀತೆ?

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕೆಟ್ಟ ಕನ್ನಡ ತನ್ನ ಕೇಡನ್ನು ತಾನೇ ಡಂಗುರ ಸಾರುತ್ತದೆ. ಪೌಂಡ್ ಗುರುತನ್ನು ಕಂಡ ಎಳೆಯ ಮಗುವೂ ಏನೋ ಎಡವಟ್ಟಾಗಿದೆ ಎಂದೀತು. ಕೆಟ್ಟ ಸಮೀಕರಣ ಹಾಗಲ್ಲ. ಅದು ಇನ್ನೊಂದು ಸರಿಯಾದ ಸಮೀಕರಣದ ಹಾಗೆಯೇ ಗಂಭೀರವಾಗಿ ಕುಳಿತಿರುತ್ತದೆ. 23 × 22 ಎಂಬುದರಲ್ಲಿ ಯಾವ ದೋಷವಿದೆ? 10⁵ ಎಂಬುದು 105 ಎಂದಾದರೆ ಒಂದು ಲಕ್ಷ ನೂರ ಐದಕ್ಕೆ ಇಳಿಯಿತು. ಆದರೂ ಕಾಗದ ಮಾತ್ರ ನಿರ್ಮಲ. ಘಾತದ ಮುಂದಿನ ಋಣಚಿಹ್ನೆಯೊಂದು ಕಾಣೆಯಾದರೆ ಸಾವಿರದಲ್ಲೊಂದು ಭಾಗ ಸಾವಿರವಾಗಿಬಿಡುತ್ತದೆ.

ಪರೀಕ್ಷೆಯ ಅಂಕಗಳಿಗಿಂತ ದೊಡ್ಡ ನಷ್ಟವೂ ಇದರಿಂದ ಸಂಭವಿಸಬಹುದು. ಔಷಧಗಳ ಪ್ರಮಾಣವನ್ನು ಬರೆಯುವಾಗ ಮೈಕ್ರೋಗ್ರಾಂ ಎಂಬುದಕ್ಕೆ ಗ್ರೀಕಿನ ‘ಮ್ಯೂ’ ಅಕ್ಷರವನ್ನು ಬಳಸುವ ರೂಢಿಯುಂಟು. ಸಿಂಬಲ್ ಫಾಂಟಿನಲ್ಲಿ ಮ್ಯೂ ಅಕ್ಷರ ಇರುವುದು ರೋಮನ್ನಿನ ಸಣ್ಣ ‘ಎಂ’ನ ಸ್ಥಾನದಲ್ಲಿ. ಫಾಂಟು ತಪ್ಪಿಹೋದರೆ 50 ಮೈಕ್ರೋಗ್ರಾಂ ಎಂಬುದು ಸದ್ದಿಲ್ಲದೆ 50 ಮಿಲಿಗ್ರಾಂ ಆಗುತ್ತದೆ. ಅಂದರೆ ಸಾವಿರ ಪಟ್ಟು! ಕೈಬರಹದಲ್ಲಿಯೂ ಈ ಚಿಹ್ನೆಯನ್ನು ‘ಎಂ’ ಎಂದು ತಪ್ಪಾಗಿ ಓದುವ ಅಪಾಯವಿರುವುದರಿಂದ, ಅದನ್ನು ಬಿಟ್ಟು ‘ಎಂಸಿಜಿ’ ಎಂದೇ ಬರೆಯಬೇಕೆಂಬುದು ಔಷಧಸುರಕ್ಷೆಯ ತಜ್ಞರ ಬುದ್ಧಿವಾದ. ಒಂದು ಅಕ್ಷರದ ವೇಷಾಂತರ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಈ ವೇಷಾಂತರಕ್ಕೆ ಪರಿಹಾರ ಯೂನಿಕೋಡ್. 1991ರಲ್ಲಿ ಪ್ರಕಟವಾದ ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯುಂಟು. ಕನ್ನಡಕ್ಕೂ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಸ್ಥಾನ ದೊರಕಿತು. ಗಣಿತಕ್ಕೆಂದೇ ಪ್ರತ್ಯೇಕವಾದ ದಪ್ಪ, ಓರೆ ಮೊದಲಾದ ಅಕ್ಷರಮಾಲೆಗಳು 2001ರಲ್ಲಿ ಸೇರಿದವು. ಯೂನಿಕೋಡಿನ ಮ್ಯೂ ಯಾವ ಫಾಂಟಿನಲ್ಲಿಯೂ ‘ಎಂ’ ಆಗಲಾರದು. ಹೆಚ್ಚೆಂದರೆ ಖಾಲಿ ಚೌಕವಾಗಿ ಕಂಡೀತು. ಖಾಲಿ ಚೌಕ ಸುಳ್ಳು ಹೇಳುವುದಿಲ್ಲ, ಅದೇ ದೊಡ್ಡ ಉಪಕಾರ. ಹಾಗೆ ಚೌಕಗಳು ಕಂಡರೆ ಆ ಯಂತ್ರದಲ್ಲಿ ತಕ್ಕ ಗಣಿತದ ಫಾಂಟಿಲ್ಲವೆಂದು ತಿಳಿದು, ಅದನ್ನು ಅಳವಡಿಸಬೇಕು. ವರ್ಡ್‌ನ ಸಮೀಕರಣಗಳು ಸಾಮಾನ್ಯವಾಗಿ ನೆಚ್ಚುವುದು ‘ಕೇಂಬ್ರಿಯಾ ಮ್ಯಾತ್’ ಎಂಬ ಫಾಂಟನ್ನು.

ಇನ್ನು ಕಟ್ಟಡದ ದೋಷ. ಸಮೀಕರಣದ ಬದಲು ಓರೆಗೆರೆಗಳೂ ಬಾಣದ ತಲೆಯಂಥ ಗುರುತುಗಳೂ ಒಂದೇ ಸಾಲಿನಲ್ಲಿ ಕಂಡರೆ, ಅದು ‘ಲೀನಿಯರ್’ ರೂಪದಲ್ಲಿದೆ ಎಂದರ್ಥ. ಪಕ್ಕದ ಸಣ್ಣ ಪಟ್ಟಿಯಲ್ಲಿ ‘ಪ್ರೊಫೆಷನಲ್’ ಎಂಬುದನ್ನು ಆರಿಸಿದರೆ ಅಂಶ ಮೇಲಕ್ಕೂ ಛೇದ ಕೆಳಕ್ಕೂ ಹೋಗಿ ಸೇರುತ್ತವೆ. ಹಳೆಯ ಕಡತದಲ್ಲಿ ಸಮೀಕರಣದ ಬದಲು ಪುಷ್ಪಾವರಣದೊಳಗೆ ‘ಎಂಬೆಡ್ ಈಕ್ವೇಶನ್’ ಎಂಬ ಮಾತು ಕಂಡರೆ ಹೆದರಬೇಕಾಗಿಲ್ಲ. ‘ಆಲ್ಟ್’ ಕೀಲಿಯನ್ನೂ ‘ಎಫ್ 9’ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ತೆರೆ ಸರಿಯುತ್ತದೆ. ವರ್ಡ್‌ನ ಕಡತವನ್ನು ಲಿಬ್ರೆಆಫೀಸಿನಲ್ಲಿ ತೆರೆದಾಗ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಂಡರೆ, ಆ ಸ್ಥಳದಲ್ಲಿ ಏನೋ ಒಂದು ಪದ ಬಿಟ್ಟುಹೋಗಿದೆಯೆಂದು ಅದು ಪ್ರಾಮಾಣಿಕವಾಗಿ ತಿಳಿಸುತ್ತಿದೆ. ಮೂಲವನ್ನು ನೋಡಿ ತುಂಬಬೇಕು.

ಮೇಷ್ಟರಿಗೆ ಹೆಚ್ಚು ನೋವಾದುದು ನಾಲ್ಕನೆಯ ಪ್ರಶ್ನೆಯಿಂದ. ಸೇವೆಯ ಕೊನೆಯ ವರ್ಷಗಳಲ್ಲಿ ಅವರು ಕಷ್ಟಪಟ್ಟು ಸಿದ್ಧಪಡಿಸಿದ್ದ ನೂರಾರು ಲೆಕ್ಕಗಳು ಹಳೆಯ ‘ಡಾಕ್’ ಕಡತಗಳಲ್ಲಿದ್ದವು. ಸಮೀಕರಣಗಳು ಕಣ್ಣಿಗೆ ಕಾಣುತ್ತವೆ. ತಿದ್ದಲು ಹೋದರೆ ಮಾತ್ರ ಮುಟ್ಟಗೊಡುವುದಿಲ್ಲ.

“ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೊಂಬೆಯ ಹಾಗಾಯಿತಲ್ಲ, ತಾಯಿ” ಎಂದರು ಅವರು.

ಇದಕ್ಕೂ ಇತಿಹಾಸವಿದೆ. ಅಂದಿನ ಸಮೀಕರಣಸಾಧನ ಮೈಕ್ರೋಸಾಫ್ಟಿನ ಸ್ವಂತದ್ದಲ್ಲ. ಡಿಸೈನ್ ಸೈನ್ಸ್ ಎಂಬ ಸಂಸ್ಥೆ ಅದನ್ನು ನಿರ್ಮಿಸಿಕೊಟ್ಟಿತ್ತು. 2007ರ ವರ್ಡ್‌ನಲ್ಲಿ ಹೊಸ ಸಮೀಕರಣವ್ಯವಸ್ಥೆ ಬಂದ ಮೇಲೂ, ಹಳೆಯ ಕಡತಗಳಿಗಾಗಿ ಅದು ಮೂಲೆಯಲ್ಲಿ ಉಳಿದುಕೊಂಡಿತ್ತು. 2017ರ ನವೆಂಬರಿನಲ್ಲಿ ಅದರೊಳಗೆ ಬಹುಕಾಲದಿಂದ ಅಡಗಿದ್ದ ಒಂದು ದೌರ್ಬಲ್ಯ ಬಹಿರಂಗವಾಯಿತು. ದುಷ್ಟರು ಕಳುಹಿಸಿದ ಕಡತವನ್ನು ತೆರೆದ ಮಾತ್ರಕ್ಕೆ ಯಂತ್ರವೇ ಪರಾಧೀನವಾಗುವ ಸಂಭವವಿತ್ತು. 2018ರ ಜನವರಿಯ ಪರಿಷ್ಕರಣದಲ್ಲಿ ಮೈಕ್ರೋಸಾಫ್ಟ್ ಆ ಸಾಧನವನ್ನೇ ಕಿತ್ತುಹಾಕಿತು. ಮನೆಯ ಸುರಕ್ಷೆಗಾಗಿ ಹಳೆಯ ಬಾಗಿಲನ್ನು ಮುಚ್ಚಿದುದು ಸರಿಯೇ. ಆದರೆ ಆ ಬಾಗಿಲಿನ ಕೋಣೆಯಲ್ಲಿ ಉಪಾಧ್ಯಾಯರ ವರ್ಷಗಳ ದುಡಿಮೆ ಉಳಿದುಬಿಟ್ಟಿತು.

ಅದನ್ನು ಹೊರತರುವ ದಾರಿ ಇಲ್ಲದಿಲ್ಲ. ವರ್ಡ್‌ನ ಈಚಿನ ಆವೃತ್ತಿಗಳಲ್ಲಿ ಹಳೆಯ ಸಮೀಕರಣದ ಮೇಲೆ ಎರಡು ಸಲ ಒತ್ತಿದರೆ, ಅದನ್ನು ಹೊಸ ಪದ್ಧತಿಗೆ ಪರಿವರ್ತಿಸುವ ಸೌಕರ್ಯವುಂಟು. ಹಳೆಯ ಸಾಧನದ ವಂಶದ್ದೇ ಆದ ‘ಮ್ಯಾತ್‌ಟೈಪ್’ ತಂತ್ರಾಂಶವೂ ಅವುಗಳನ್ನು ತೆರೆದು ತಿದ್ದಬಲ್ಲುದು. ಪರಿವರ್ತನೆಗೆ ಮುನ್ನ ಮೂಲಕಡತದ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳುವುದನ್ನು ಮರೆಯಬಾರದು. ಪರಿವರ್ತನೆಯಾದ ಮೇಲೆ ಒಂದೊಂದು ಲೆಕ್ಕವನ್ನೂ ಮೂಲದೊಡನೆ ಹೋಲಿಸಬೇಕು. ಇದರ ವಿಪರ್ಯಾಯದಲ್ಲಿಯೂ ಎಚ್ಚರ ಅಗತ್ಯ. ಹೊಸ ‘ಡಾಕ್ಸ್’ ಕಡತವನ್ನು ಹಳೆಯ ‘ಡಾಕ್’ ರೂಪದಲ್ಲಿ ಉಳಿಸಿದರೆ ಸಮೀಕರಣಗಳೆಲ್ಲ ಬರಿಯ ಚಿತ್ರಗಳಾಗುತ್ತವೆ. ಎದುರಿನವರು ಹಳೆಯ ರೂಪವನ್ನೇ ಕೇಳಿದರೆ ಒಂದು ಪ್ರತಿಯನ್ನು ಮಾತ್ರ ಹಾಗೆ ಮಾಡಿಕೊಟ್ಟು, ‘ಡಾಕ್ಸ್’ ಮೂಲವನ್ನು ಭದ್ರವಾಗಿಡಬೇಕು.

ಸೊಸೆ ಕೊನೆಗೆ ಹೇಳಿದ ಮಾತು ಚಿಕ್ಕದು. ಘಾತ, ಭಿನ್ನರಾಶಿ, ಮೂಲಚಿಹ್ನೆಗಳನ್ನು ಸಮೀಕರಣವ್ಯವಸ್ಥೆಯಲ್ಲಿಯೇ ಬರೆಯಬೇಕು. ಅಂಗಡಿಗಾಗಲಿ ಶಾಲೆಗಾಗಲಿ ಕಳುಹಿಸುವುದು ಪಿಡಿಎಫ್ ಪ್ರತಿಯಾಗಿರಬೇಕು. ಅದರಲ್ಲಿ ಫಾಂಟುಗಳನ್ನು ಒಳಗೇ ಸೇರಿಸಿಡಬಹುದಾದುದರಿಂದ ಬರೆದವನು ಕಂಡದ್ದನ್ನೇ ಓದುವವನೂ ಕಾಣುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ನೂರು ಪ್ರತಿ ತೆಗೆಯಿಸುವುದಕ್ಕೆ ಮುನ್ನ ಮೊದಲ ಪ್ರತಿಯ ಮೇಲೆ ಎಲ್ಲ ಲೆಕ್ಕಗಳನ್ನೂ ಮಾಡಿ ನೋಡಬೇಕು. ಪರದೆಯ ಮೇಲಲ್ಲ, ಕಾಗದದ ಮೇಲೆ. ಬರೆದವನ ಕಣ್ಣು ತಾನು ಬರೆಯಬೇಕೆಂದಿದ್ದುದನ್ನೇ ಓದುತ್ತದೆ. ಆದುದರಿಂದ ಇನ್ನೊಬ್ಬರಿಂದ ಮಾಡಿಸಿದರೆ ಇನ್ನೂ ಲೇಸು.

ಮರುದಿನ ಸಂಜೆ ಮೇಷ್ಟರು ಉತ್ತರಪತ್ರಿಕೆಗಳನ್ನು ಮತ್ತೆ ತೆಗೆದರು. 32 ಎಂದವರ ಅಂಕಗಳನ್ನು ಮುಟ್ಟಲಿಲ್ಲ. 506ರ ಪಕ್ಕದ ಸೊನ್ನೆಯನ್ನು ಹೊಡೆದುಹಾಕಿ, ಪೂರ್ಣಾಂಕವನ್ನು ಬರೆದು, ಅದರ ಕೆಳಗೆ ತಮ್ಮ ಸಹಿ ಹಾಕಿದರು. ಮಕ್ಕಳೆಲ್ಲರ ಎದುರಿಗೆ, “ತಪ್ಪು ನನ್ನ ಪ್ರಶ್ನೆಯದು, ಇವಳ ಉತ್ತರದ್ದಲ್ಲ” ಎಂದು ಹೇಳಿದರು. ಹುಡುಗಿ ಮುಖ ತಗ್ಗಿಸಿ ನಕ್ಕಳು.

ಅಂದಿನಿಂದ ಅವರ ಪ್ರಶ್ನೆಪತ್ರಿಕೆಯ ಮೊದಲ ಪ್ರತಿ ಅಂಗಡಿಯಿಂದ ನೇರವಾಗಿ ಮಕ್ಕಳ ಕೈಗೆ ಹೋಗುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಸೊಸೆಯ ಮುಂದೆ ಬರುತ್ತದೆ. ಆಕೆ ಒಂದು ಕೈಯಲ್ಲಿ ಕಾಫಿಯ ಲೋಟ ಹಿಡಿದು, ಇನ್ನೊಂದು ಕೈಯಿಂದ ಲೆಕ್ಕ ಮಾಡುತ್ತಾಳೆ. ಉತ್ತರ ತಾಳೆಯಾದ ಮೇಲೆಯೇ ಉಳಿದ ಪ್ರತಿಗಳಿಗೆ ಅಪ್ಪಣೆ.